ಹೆಸರು ಕೆಡಿಸಿದವರ ಮಾತನ್ನು ಮೊದಲು ಬರೆದಿಡಿ

ಬೆಳಿಗ್ಗೆ ಒಗ್ಗಾಣಿ ಹೋಟೆಲಿನಲ್ಲಿ ಒಬ್ಬ ಅಂದ ಮಾತು ಸಂಜೆಯೊಳಗೆ ಊರಿನ ವಾಟ್ಸಾಪ್ ಗ್ರೂಪಿಗೆ ಬಂದು ಬಿದ್ದಿರುತ್ತದೆ: “ಕಾಲುವೆ ಪಕ್ಕದ ಗೊಬ್ಬರದಂಗಡಿಯವ ನಕಲಿ ಬೀಜ ಮಾರ್ಯಾನ, ರೈತರ ರೊಕ್ಕ ತಿಂದಾನ.” ಮಾತು ಸುಳ್ಳು. ಆದರೂ ಮರುದಿನದಿಂದ ಉದ್ದರಿ ಕೊಡುತ್ತಿದ್ದ ಸಗಟು ವ್ಯಾಪಾರಿ ಫೋನ್ ಎತ್ತುವುದಿಲ್ಲ, ಮಗಳಿಗೆ ಬಂದಿದ್ದ ಸಂಬಂಧದವರು ಸುಮ್ಮನಾಗುತ್ತಾರೆ. ಆ ಸಂಕಟದಲ್ಲಿ ಜನ ಸಾಮಾನ್ಯವಾಗಿ ಹಿಡಿಯುವ ದಾರಿ ಎರಡು. ಹೇಳಿದವನ ಮನೆ ಮುಂದೆ ನಿಂತು ಜಗಳ ತೆಗೆಯುವುದು, ಇಲ್ಲವೇ ಠಾಣೆಗೆ ಹೋಗಿ “ಮಾನಹಾನಿ ಕೇಸ್ ಹಾಕ್ರಿ” ಎಂದು ಕೂರುವುದು. ಜಗಳಕ್ಕೆ ಹೋದವರ ಮೇಲೆಯೇ ಕೇಸು ಬೀಳುವುದುಂಟು. ಠಾಣೆಗೆ ಅಲೆದವರ ತಿಂಗಳುಗಳು ಕಳೆದು, ಮಾತು ಕೇಳಿಸಿಕೊಂಡವರ ನೆನಪು ಮಸುಕಾಗಿ, ಮೆಸೇಜು ಅಳಿಸಿಹೋಗಿರುತ್ತದೆ.

ಮಾನಹಾನಿಯ ಕೇಸು ನಿಲ್ಲುವುದು ನಾಲ್ಕು ವಿವರಗಳ ಮೇಲೆ: ಆಡಿದ ಮಾತು ಯಾವುದು, ಆಡಿದವರು ಯಾರು, ಯಾರ ಮುಂದೆ, ಯಾವಾಗ. ನಿಮಗೆಷ್ಟು ನೋವಾಯಿತು ಎಂಬುದು ಆಮೇಲಿನ ಮಾತು. ಈ ನಾಲ್ಕನ್ನೂ ಮೊದಲ ವಾರದಲ್ಲೇ ಕೂಡಿಸಿಕೊಂಡವರಿಗೆ ಮುಂದೆ ಕೋರ್ಟು, ರಾಜಿ, ಕ್ಷಮಾಪಣೆ ಎಲ್ಲ ಬಾಗಿಲೂ ತೆರೆದಿರುತ್ತವೆ. ಕೂಡಿಸಿಕೊಳ್ಳದವರ ಕೈಯಲ್ಲಿ ಸಿಟ್ಟು ಮಾತ್ರ ಉಳಿಯುತ್ತದೆ.

ಮೊದಲ ದಿನದ ಕೆಲಸ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಹಾಳೆ ಕೀಳಲು ಬರದಂಥ ಹೊಲಿಗೆಯ ಪುಸ್ತಕವಾದರೆ ಒಳ್ಳೆಯದು. ಬರೆಯುವ ರೀತಿ ಹೀಗಿರಲಿ:

“ಬುಧವಾರ, ತಾರೀಕು ಇಂಥದ್ದು, ಬೆಳಿಗ್ಗೆ ಹತ್ತೂವರೆ ಸುಮಾರು. ಎಪಿಎಂಸಿ ಆವರಣ, ಅಡತಿ ಅಂಗಡಿ ಮುಂದಿನ ಕಟ್ಟೆ. ಇಂಥವನು ಆಡಿದ ಮಾತು: ‘ಈ ಮಗ ತೂಕದಾಗ ಮೋಸ ಮಾಡ್ತಾನ, ಹೋದ ವರ್ಷ ಹತ್ತಿ ಚೀಲದಾಗ ಎರಡೆರಡು ಕಿಲೋ ಹೊಡದಾನ.’ ಹತ್ತಿರ ಇದ್ದವರು: ಹಮಾಲಿ ಒಬ್ಬರು, ಪಕ್ಕದೂರಿನ ರೈತರಿಬ್ಬರು, ಚಹಾ ತಂದ ಹುಡುಗ. ನನಗೆ ಹೇಳಿದವರು: ಆ ಇಬ್ಬರು ರೈತರಲ್ಲಿ ಹಿರಿಯರು, ಅದೇ ದಿನ ಮಧ್ಯಾಹ್ನ.” ಕೊನೆಗೆ ಬರೆದ ದಿನ, ಹೊತ್ತು, ನಿಮ್ಮ ಸಹಿ.

ಇಲ್ಲಿ ಬಹಳ ಮಂದಿ ಎಡವುವುದು ಮಾತನ್ನು ತಿದ್ದಿ ಬರೆಯುವಲ್ಲಿ. “ತೂಕದಾಗ ಹೊಡದಾನ” ಎಂದದ್ದನ್ನು “ಮಾಪನದಲ್ಲಿ ವಂಚನೆ ಎಸಗಿರುತ್ತಾರೆ” ಎಂದು ಗ್ರಾಂಥಿಕ ಮಾಡಬೇಡಿ. ಕೋರ್ಟಿಗೆ ಬೇಕಾದದ್ದು ಬಾಯಿಂದ ಬಂದ ಮಾತೇ. ಸಾಕ್ಷಿ ಕಟಕಟೆಯಲ್ಲಿ ಒಂದು ಮಾತು ಹೇಳಿ, ದೂರಿನಲ್ಲಿ ಇನ್ನೊಂದಿದ್ದರೆ ಎದುರು ವಕೀಲರ ಪಾಟೀಸವಾಲಿಗೆ ಅದೊಂದೇ ಸಾಕು. ರಾಯಚೂರು, ಸಿರುಗುಪ್ಪ, ಬಳ್ಳಾರಿ ಕಡೆ ತೆಲುಗಿನಲ್ಲೋ ದಖನಿಯಲ್ಲೋ ಆಡಿದ ಮಾತಾಗಿದ್ದರೆ ಆ ಭಾಷೆಯ ಪದಗಳನ್ನೇ ಕನ್ನಡ ಅಕ್ಷರದಲ್ಲಿ ಬರೆದು, ಕೆಳಗೆ ಅರ್ಥ ಬರೆಯಿರಿ. ಅರ್ಥವನ್ನಷ್ಟೇ ಬರೆದರೆ ಮೂಲ ಮಾತು ಕಳೆದುಹೋಗುತ್ತದೆ.

ಸಾಕ್ಷಿಗಳ ವಿಷಯಕ್ಕೆ ಬಂದರೆ, ಅಣ್ಣ, ಮಾವ, ಭಾಮೈದ ಕೇಳಿಸಿಕೊಂಡಿದ್ದರೂ ಅವರೊಬ್ಬರನ್ನೇ ನೆಚ್ಚಬೇಡಿ. ನಿಮಗೂ ಹೇಳಿದವನಿಗೂ ಸಂಬಂಧವಿಲ್ಲದ ಒಬ್ಬರಾದರೂ ಇರಲಿ. ಅವರು ಹೇಳಬೇಕಾದದ್ದು ಮೂರು: ಮಾತನ್ನು ತಾವೇ ಕೇಳಿದ್ದು, ಅದು ನಿಮ್ಮ ಬಗ್ಗೆಯೇ ಎಂದು ತಿಳಿದದ್ದು, ಅದರಿಂದ ನಿಮ್ಮ ಮೇಲಿನ ಅಭಿಪ್ರಾಯಕ್ಕೆ ಏನಾಯಿತು ಎಂಬುದು. “ಊರಾಗೆಲ್ಲ ಅಂತಾರ” ಎನ್ನುವ ಸಾಕ್ಷಿಯಿಂದ ಪ್ರಯೋಜನವಿಲ್ಲ. ಅದು ಕೇಳಿದ್ದನ್ನು ಕೇಳಿದವರ ಮಾತು. ಸಾಕ್ಷಿಗೆ ಮಾತು ಕಲಿಸಿಕೊಡಲು ಹೋಗಬೇಡಿ. ಅವರಿಗೆ ನೆನಪಿರುವಷ್ಟನ್ನೇ ಅವರ ಮಾತಿನಲ್ಲೇ ಬರೆದುಕೊಳ್ಳಿ. ಇಬ್ಬರ ನೆನಪಿನಲ್ಲಿ ಒಂದೆರಡು ಪದ ಹೆಚ್ಚುಕಡಿಮೆ ಇದ್ದರೆ ಅದು ಸಹಜ. ಅಕ್ಷರ ತಪ್ಪದೆ ಒಪ್ಪಿಸಿದರೆ ನ್ಯಾಯಾಧೀಶರಿಗೆ ಅನುಮಾನ ಬರುತ್ತದೆ.

ಮೊಬೈಲಿನಲ್ಲಿ ಬಂದದ್ದಾದರೆ

ವಾಟ್ಸಾಪಿನಲ್ಲಿ ಕಳಿಸಿದವರು ಎರಡು ದಿನಕ್ಕಿಂತ ಹೆಚ್ಚು ಕಾಲ ಮೆಸೇಜನ್ನು ಎಲ್ಲರ ಫೋನಿನಿಂದ ಅಳಿಸಬಲ್ಲರು. ತಾನೇ ಮಾಯವಾಗುವ ವ್ಯವಸ್ಥೆ ಹಾಕಿದ ಗ್ರೂಪಾದರೆ 24 ಗಂಟೆ, 7 ದಿನ ಅಥವಾ 90 ದಿನದಲ್ಲಿ ಅದು ಹೋಗುತ್ತದೆ. ಆದ್ದರಿಂದ ನೋಡಿದ ಕೂಡಲೇ ಕೆಲಸ ಶುರುವಾಗಬೇಕು.

ಸ್ಕ್ರೀನ್‌ಶಾಟ್ ತೆಗೆದರೆ ನಿಮ್ಮ ಫೋನಿನಲ್ಲಿ ಉಳಿಸಿಕೊಂಡ ಹೆಸರು ಮಾತ್ರ ಕಾಣುತ್ತದೆ, ನಂಬರು ಕಾಣುವುದಿಲ್ಲ. “ಗಿರಣಿ ಕಾಕಾ” ಎಂಬ ಹೆಸರು ಕೋರ್ಟಿನಲ್ಲಿ ಯಾರನ್ನೂ ಗುರುತಿಸುವುದಿಲ್ಲ. ಹಾಗಾಗಿ ಮೆಸೇಜಿನ ಸ್ಕ್ರೀನ್‌ಶಾಟ್ ಆದಮೇಲೆ ಆ ಹೆಸರನ್ನು ಒತ್ತಿ, ನಂಬರು ಕಾಣುವ ಪುಟದ್ದೂ ತೆಗೆಯಿರಿ. ಗ್ರೂಪಿನ ಹೆಸರು, ಎಷ್ಟು ಸದಸ್ಯರಿದ್ದಾರೆ ಎಂಬ ಪುಟ, ಸದಸ್ಯರ ಪಟ್ಟಿ ಇವೂ ಬೇಕು. ಮಾತು ಎಷ್ಟು ಮಂದಿಗೆ ತಲುಪಿತು ಎಂಬುದಕ್ಕೆ ಅದೇ ಆಧಾರ. ಆಮೇಲೆ ಸ್ಕ್ರೀನ್ ರೆಕಾರ್ಡಿಂಗ್ ಹಚ್ಚಿ, ವಾಟ್ಸಾಪ್ ತೆರೆಯುವುದರಿಂದ ಹಿಡಿದು ಗ್ರೂಪಿಗೆ ಹೋಗಿ, ಆ ಮೆಸೇಜಿನ ಹಿಂದೆ ಮುಂದೆ ಹತ್ತಿಪ್ಪತ್ತು ಮೆಸೇಜು ಸರಿಸಿ ತೋರಿಸಿ. ನಡುವಿನ ಒಂದೇ ಮೆಸೇಜು ಕತ್ತರಿಸಿ ತಂದರೆ “ಮೊದಲು ಕೆಣಕಿದವರು ನೀವೇ” ಎಂಬ ವಾದಕ್ಕೆ ಉತ್ತರವಿರುವುದಿಲ್ಲ. ಕೊನೆಗೆ ಚಾಟ್ ಎಕ್ಸ್‌ಪೋರ್ಟ್ ಮಾಡಿ, ಫೋಟೊ ಮತ್ತು ಧ್ವನಿ ಸಂದೇಶಗಳ ಸಮೇತ ನಿಮ್ಮ ಇಮೇಲಿಗೆ ಕಳಿಸಿಕೊಳ್ಳಿ. ಸಿಟ್ಟಿನಿಂದ ಗ್ರೂಪ್ ಬಿಟ್ಟು ಹೊರಬರಬೇಡಿ. ಹೊರಬಂದರೆ ಮುಂದೆ ಅಲ್ಲಿ ಏನು ನಡೆಯಿತೆಂಬುದು ನಿಮಗೆ ಸಿಗುವುದಿಲ್ಲ.

ಫೇಸ್‌ಬುಕ್, ಇನ್‌ಸ್ಟಾಗ್ರಾಂ ಖಾತೆಗಳ ಹೆಸರು ನಾಳೆ ಬದಲಾಗಬಹುದು, ಆದ್ದರಿಂದ ಖಾತೆಯ ಲಿಂಕ್ ಮತ್ತು ಆ ಪೋಸ್ಟಿನ ಲಿಂಕ್ ಎರಡನ್ನೂ ಬರೆದಿಡಿ. ಯೂಟ್ಯೂಬ್ ವಿಡಿಯೊ ಆದರೆ ಚಾನೆಲ್ ಲಿಂಕ್, ವಿಡಿಯೊ ಲಿಂಕ್, ಆ ಮಾತು ಬರುವ ನಿಮಿಷ-ಸೆಕೆಂಡು ಮತ್ತು ಮಾತಿನ ಪೂರ್ತಿ ಬರಹ ಬೇಕು. ಪತ್ರಿಕೆಯಾದರೆ ಸುದ್ದಿಯ ತುಣುಕು ಸಾಲದು. ಮುದ್ರಕರು, ಪ್ರಕಾಶಕರು, ಸಂಪಾದಕರ ಹೆಸರಿರುವ ಸಾಲಿನ ಸಮೇತ ಇಡೀ ಸಂಚಿಕೆ ತೆಗೆದಿಡಿ. ಕರಪತ್ರ, ಫ್ಲೆಕ್ಸ್ ಆದರೆ ಎಲ್ಲಿ ಅಂಟಿಸಿದ್ದರೋ ಆ ಗೋಡೆ, ಸುತ್ತಲ ಅಂಗಡಿ ಕಾಣುವಂತೆ ದೂರದಿಂದ ಒಂದು ಫೋಟೊ, ಓದಲು ಬರುವಂತೆ ಹತ್ತಿರದಿಂದ ಒಂದು.

ಇನ್ನು ಆ ಫೋನು. ಕೇಸು ಮುಗಿಯುವವರೆಗೆ ಅದನ್ನು ಮಾರಬೇಡಿ, ಎಕ್ಸ್‌ಚೇಂಜಿಗೆ ಕೊಡಬೇಡಿ, ರಿಸೆಟ್ ಮಾಡಿಸಬೇಡಿ. ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಜೊತೆಗಿರಬೇಕು. ಹಳೆಯ ಕಾಯ್ದೆಯ 65ಬಿ ಪ್ರಮಾಣಪತ್ರ ಅಂತ ವಕೀಲರು ಇಂದಿಗೂ ಕರೆಯುವುದು ಇದನ್ನೇ. ಹೊಸ ನಮೂನೆಯಲ್ಲಿ ಎರಡು ಭಾಗ: ಭಾಗ ಎ ಸಾಧನ ಯಾರದ್ದೋ ಅವರು ತುಂಬಬೇಕು, ಭಾಗ ಬಿ ತಜ್ಞರು ತುಂಬಬೇಕು. ಎರಡರಲ್ಲೂ ಫೈಲಿನ ಹ್ಯಾಶ್ ಮೌಲ್ಯ ನಮೂದಾಗಬೇಕು. ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು ಇದ್ದಂತೆ: ಫೈಲಿನಲ್ಲಿ ಒಂದು ಅಕ್ಷರ ಬದಲಾದರೂ ಅದು ಬೇರೆಯಾಗುತ್ತದೆ. ಮೆಸೇಜು ಬಂದದ್ದು ನಿಮ್ಮ ಗೆಳೆಯರ ಫೋನಿಗಾದರೆ ಭಾಗ ಎಗೆ ಅವರೇ ಸಹಿ ಹಾಕಬೇಕು. ಅವರು ಕೋರ್ಟಿಗೆ ಬರಲು ಒಪ್ಪುತ್ತಾರೋ ಇಲ್ಲವೋ ಮೊದಲೇ ಕೇಳಿಕೊಳ್ಳಿ. ಕೊನೆ ಗಳಿಗೆಯಲ್ಲಿ ಹಿಂದೆ ಸರಿಯುವವರು ಬಹಳ, ಅವರನ್ನು ಬೈದು ಫಲವಿಲ್ಲ. ಹೇಳಿದವನೂ ಅವರೂ ಒಂದೇ ಓಣಿಯಲ್ಲಿ ಬದುಕಬೇಕಲ್ಲ.

ಯಾವುದು ಮಾನಹಾನಿ, ಯಾವುದು ಅಲ್ಲ

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಮಾನಹಾನಿಗೆ ಅನ್ವಯಿಸುತ್ತದೆ. ಅದಕ್ಕೂ ಮುಂಚೆ ಆಡಿದ ಮಾತಿಗೆ ಹಳೆಯ ದಂಡ ಸಂಹಿತೆಯ 499, 500. ಶಿಕ್ಷೆ ಎರಡು ವರ್ಷದವರೆಗೆ ಸಾದಾ ಸೆರೆವಾಸ, ದಂಡ, ಇಲ್ಲವೇ ಎರಡೂ. ಹೊಸ ಸಂಹಿತೆಯಲ್ಲಿ ಸಮುದಾಯ ಸೇವೆಯೂ ಸೇರಿದೆ. ಈ ಅಪರಾಧವನ್ನೇ ಕಿತ್ತುಹಾಕಬೇಕೆಂಬ ವಾದವನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಒಪ್ಪಲಿಲ್ಲ.

ಮಾತು ಮೂರನೆಯವರಿಗೆ ತಲುಪಿರಬೇಕು, ಇದು ಮೊದಲ ಪರೀಕ್ಷೆ. ನಿಮ್ಮೊಬ್ಬರಿಗೇ ಫೋನ್ ಮಾಡಿ “ನೀ ಕಳ್ಳ” ಅಂದರೆ, ನಿಮ್ಮೊಬ್ಬರಿಗೇ ಮೆಸೇಜು ಹಾಕಿದರೆ ಅದು ಮಾನಹಾನಿಯಾಗದು. ಗ್ರೂಪಿನಲ್ಲಿ ಹಾಕಿದರೆ ಆಗುತ್ತದೆ. ಹೆಸರು ಹೇಳಲೇಬೇಕೆಂದಿಲ್ಲ. ಆ ಕಾಲುವೆ ಪಕ್ಕ ಇರುವುದು ಒಂದೇ ಗೊಬ್ಬರದಂಗಡಿಯಾದರೆ ಎಲ್ಲರಿಗೂ ಗೊತ್ತಾಗುತ್ತದೆ, ಅಷ್ಟು ಸಾಕು. “ಅಡತಿಯವರೆಲ್ಲ ಕಳ್ಳರು” ಎಂಬ ಮಾತಿನಿಂದ ಮಾತ್ರ ಒಬ್ಬ ಅಡತಿದಾರರು ಕೇಸು ಹಾಕಲು ಬರುವುದಿಲ್ಲ. ಗುಂಪು ಅಷ್ಟು ದೊಡ್ಡದಾದಾಗ ಬೆರಳು ಯಾರ ಕಡೆಗೂ ತೋರಿದಂತಾಗುವುದಿಲ್ಲ.

ಬರೀ ಬೈಗುಳ ಬೇರೆ, ಆರೋಪ ಬೇರೆ. ಜಗಳದಲ್ಲಿ ಬಿದ್ದ “ನಾಯಿ, ಕತ್ತೆ” ಎಂಬ ಮಾತು ಕೇಳಿ ಯಾರೂ ನಿಮ್ಮ ನಡತೆಯನ್ನು ಕೀಳಾಗಿ ಎಣಿಸುವುದಿಲ್ಲ. “ಸಂಘದ ಉಳಿತಾಯದ ಐವತ್ತು ಸಾವಿರ ಎತ್ತಿಕೊಂಡಾಳ” ಎಂಬುದು ನಿಜವೋ ಸುಳ್ಳೋ ಪರೀಕ್ಷಿಸಬಹುದಾದ ಆರೋಪ. ನಡತೆ, ಬುದ್ಧಿ, ಜಾತಿ, ಕಸುಬು, ಸಾಲ ತೀರಿಸುವ ನಂಬಿಕೆ ಇವುಗಳಲ್ಲಿ ಒಂದನ್ನಾದರೂ ಬೇರೆಯವರ ಕಣ್ಣಿನಲ್ಲಿ ಕೆಳಗಿಳಿಸಿರಬೇಕು ಎಂದು ಕಾನೂನೇ ಹೇಳುತ್ತದೆ. ಸತ್ತವರ ಬಗ್ಗೆ ಮನೆಯವರನ್ನು ನೋಯಿಸಲೆಂದು ಆಡಿದ ಮಾತು, ಒಂದು ಕಂಪನಿ ಅಥವಾ ಸಂಘದ ಮೇಲಿನ ಸುಳ್ಳು, ಹೊಗಳಿದಂತೆ ಮಾಡಿ ಕುಟುಕಿದ ಮಾತು ಇವೂ ಇದರೊಳಗೇ ಬರುತ್ತವೆ.

ಕಲಮಿನಲ್ಲಿ ಹತ್ತು ವಿನಾಯಿತಿಗಳಿವೆ. ಕೇಸಿಗೆ ಮುಂಚೆ ಅವುಗಳನ್ನು ವಕೀಲರ ಜೊತೆ ಒಂದೊಂದಾಗಿ ಓದಿ, ಎದುರಿನವರು ನುಸುಳುವುದು ಅಲ್ಲಿಂದಲೇ. ಎಲ್ಲಕ್ಕಿಂತ ಮುಖ್ಯವಾದವು ಎರಡು. ಒಂದು, ನಿಜವಾದ ಮಾತು. ಸಿವಿಲ್ ದಾವೆಯಲ್ಲಿ ಮಾತು ನಿಜವೆಂದು ತೋರಿಸಿದರೆ ದಾವೆ ಅಲ್ಲಿಗೇ ಬಿತ್ತು. ಕ್ರಿಮಿನಲ್ ಕೇಸಿನಲ್ಲಿ ನಿಜವಾಗಿದ್ದರೆ ಸಾಲದು, ಅದನ್ನು ಹೇಳಿದ್ದು ಸಾರ್ವಜನಿಕ ಹಿತಕ್ಕಾಗಿ ಎಂದೂ ತೋರಿಸಬೇಕು. ಎರಡು, ಅಧಿಕಾರ ಇರುವವರ ಮುಂದೆ ಸದುದ್ದೇಶದಿಂದ ಕೊಟ್ಟ ದೂರು. ಕೂಲಿ ಹಣ ಬಂದಿಲ್ಲವೆಂದು ತಾಲ್ಲೂಕು ಪಂಚಾಯ್ತಿಗೆ ಬರೆದ ಕೂಲಿಕಾರರ ಮೇಲೆ, ರೇಷನ್ ಕಡಿಮೆ ತೂಗುತ್ತಾರೆಂದು ತಹಶೀಲ್ದಾರರಿಗೆ ಅರ್ಜಿ ಕೊಟ್ಟ ಹೆಣ್ಣುಮಗಳ ಮೇಲೆ ಮಾನಹಾನಿ ಹೂಡುತ್ತೇನೆಂದು ಬರುವವರನ್ನು ವಕೀಲರು ಬಾಗಿಲಲ್ಲೇ ತಡೆಯಬೇಕು. ಈ ಕಾನೂನು ಇರುವುದು ಬಡವರ ಬಾಯಿ ಮುಚ್ಚಿಸಲು ಅಲ್ಲ. ಹಾಗೆಂದು ಅದೇ ಅರ್ಜಿಯ ಪ್ರತಿಯನ್ನು ನಾಲ್ಕು ಗ್ರೂಪಿಗೆ ಹಂಚಿದವರು ಈ ಎರಡನೆಯ ವಿನಾಯಿತಿಯನ್ನು ನೆಚ್ಚಿಕೊಳ್ಳಲಾಗದು, ಗ್ರೂಪು ಅಧಿಕಾರಿಯಲ್ಲ.

ಫಾರ್ವರ್ಡ್ ಮಾಡಿದವರೂ ಹೊಣೆಗಾರರೇ, “ಬಂದದ್ದನ್ನ ಕಳಿಸೀನಿ” ಎಂಬುದು ರಕ್ಷಣೆಯಲ್ಲ. ಗ್ರೂಪ್ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಮಾತ್ರ ಯಾರನ್ನೂ ಆರೋಪಿ ಮಾಡಬೇಡಿ. ಬೇರೆಯವರ ಪೋಸ್ಟಿಗೆ ಅಡ್ಮಿನ್ ಹೊಣೆಯಲ್ಲವೆಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ.

ಠಾಣೆಯಲ್ಲಿ ಏನಾಗುತ್ತದೆ

ಮಾನಹಾನಿ ಅಸಂಜ್ಞೇಯ ಅಪರಾಧ. ಎಫ್‌ಐಆರ್ ಹಾಕುವ ಅಧಿಕಾರ ಪೊಲೀಸರಿಗಿಲ್ಲ, ಆದ್ದರಿಂದ “ಕೋರ್ಟಿಗೆ ಹೋಗ್ರಿ” ಎಂದಾಗ ಅವರು ಹೇಳುತ್ತಿರುವುದು ಕಾನೂನನ್ನೇ. ಆದರೂ ಬರವಣಿಗೆಯಲ್ಲಿ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 174ನೇ ಕಲಂ ಪ್ರಕಾರ ಅವರು ಅದನ್ನು ದಾಖಲಿಸಿಕೊಂಡು ನಿಮ್ಮನ್ನು ಮ್ಯಾಜಿಸ್ಟ್ರೇಟರ ಬಳಿಗೆ ಕಳಿಸಬೇಕು. ಆ ಸ್ವೀಕೃತಿಯ ಮೇಲಿನ ದಿನಾಂಕ ಮುಂದೆ ಕೆಲಸಕ್ಕೆ ಬರುತ್ತದೆ.

ಪೊಲೀಸರೇ ಕೈಗೆತ್ತಿಕೊಳ್ಳಬೇಕಾದ ಅಪರಾಧ ಅದೇ ಘಟನೆಯೊಳಗೆ ಅಡಗಿದೆಯೇ ಎಂದು ನೋಡುವುದು ಜಾಣತನ. “ಸುದ್ದಿ ಹಾಕಬಾರದಂದ್ರ ಇಷ್ಟು ಕೊಡು” ಎಂದು ಕೇಳಿದರೆ ಅದು ಬೆದರಿಸಿ ಹಣ ಕೀಳುವ ಅಪರಾಧ, ನ್ಯಾಯ ಸಂಹಿತೆಯ 308ನೇ ಕಲಂ. ಮಾನಹಾನಿಕರ ಬರಹ ಪ್ರಕಟಿಸುತ್ತೇನೆಂದು ಹೆದರಿಸಿ ಹಣ ಪಡೆಯುವುದನ್ನೇ ಆ ಕಲಂ ಮೊದಲ ಉದಾಹರಣೆಯಾಗಿ ಕೊಟ್ಟಿದೆ. ಅಂಥವರಿಗೆ ಮೊದಲ ಸಲ ರೊಕ್ಕ ಕೊಟ್ಟರೆ ಎರಡನೇ ಸಲವೂ ಬರುತ್ತಾರೆ. ಕೊಡದೆ, ಕೇಳಿದ ಮಾತನ್ನು ದಾಖಲೆ ಮಾಡಿಕೊಂಡು ನೇರ ಠಾಣೆಗೆ ಹೋಗಿ. ನಿಮ್ಮ ಹೆಸರಿನಲ್ಲಿ ಸುಳ್ಳು ಲೆಟರ್‌ಹೆಡ್, ತಿದ್ದಿದ ಸ್ಕ್ರೀನ್‌ಶಾಟ್ ಸೃಷ್ಟಿಸಿದ್ದರೆ 336ನೇ ಕಲಮಿನ ನಾಲ್ಕನೇ ಉಪಕಲಂ, ಹೆಸರು ಕೆಡಿಸಲು ಮಾಡಿದ ನಕಲು. ನಿಮ್ಮ ಫೋಟೊ ಹಾಕಿ ನಕಲಿ ಖಾತೆ ತೆರೆದಿದ್ದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ, 66ಡಿ. ಪರಿಶಿಷ್ಟ ಜಾತಿ, ಪಂಗಡದವರನ್ನು ಸಾರ್ವಜನಿಕವಾಗಿ ಜಾತಿ ಹಿಡಿದು ಬೈದಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆ. ಆನ್‌ಲೈನಿನದ್ದಾದರೆ ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಗಳಲ್ಲಿರುವ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಠಾಣೆಗೆ ಹೋಗಬಹುದು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲೂ ದೂರು ಹಾಕಬಹುದು. 66ಎ ಹಾಕಿ ಎಂದು ಮಾತ್ರ ಕೇಳಬೇಡಿ, ಆ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿದೆ.

ಹೆಣ್ಣುಮಕ್ಕಳ ನಡತೆಯ ಮೇಲೆ ಹಬ್ಬಿಸುವ ಸುಳ್ಳಿನ ವಿಷಯವನ್ನು ಬಿಡಿಸಿ ಹೇಳಬೇಕು. ಈ ಭಾಗದಲ್ಲಿ ಅತಿ ಹೆಚ್ಚು ಹಾನಿ ಮಾಡುವುದೂ, ಅತಿ ಕಡಿಮೆ ದೂರು ಬರುವುದೂ ಅದರಲ್ಲೇ. “ಕೋರ್ಟಿಗೆ ಹೋದ್ರ ಇನ್ನಷ್ಟು ಮಂದಿಗೆ ಗೊತ್ತಾಗ್ತದ” ಎಂಬ ಹೆದರಿಕೆ ಮನೆಯವರದ್ದು. ಆದರೆ ಹೆಣ್ಣುಮಗಳ ಮರ್ಯಾದೆಗೆ ಕುಂದು ತರಲೆಂದು ಆಡಿದ ಮಾತಿಗೆ ನ್ಯಾಯ ಸಂಹಿತೆಯ 79ನೇ ಕಲಂ ಇದೆ. ಮೂರು ವರ್ಷದವರೆಗೆ ಸೆರೆವಾಸ, ಮತ್ತು ಇದರಲ್ಲಿ ಪೊಲೀಸರು ಎಫ್‌ಐಆರ್ ಹಾಕಬೇಕು. ತಿದ್ದಿದ ಚಿತ್ರ, ಖಾಸಗಿ ಚಿತ್ರ ಹರಿದಾಡುತ್ತಿದ್ದರೆ ಸಾಕ್ಷಿಗೆಂದು ಸಹ ಅದನ್ನು ಇನ್ನೊಬ್ಬರಿಗೆ ಕಳಿಸಬೇಡಿ. ಬಂದ ಫೋನನ್ನೇ ಪೊಲೀಸರಿಗೆ ತೋರಿಸಿ. ಹದಿನೆಂಟು ದಾಟಿದವರು ಸ್ಟಾಪ್‌ಎನ್‌ಸಿಐಐ ಎಂಬ ತಾಣದಲ್ಲಿ ಚಿತ್ರದ ಹ್ಯಾಶ್ ಮಾತ್ರ ಕೊಟ್ಟು, ಚಿತ್ರ ತಮ್ಮ ಫೋನಿನಿಂದ ಹೊರಹೋಗದಂತೆ, ಸೇರಿಕೊಂಡಿರುವ ಜಾಲತಾಣಗಳಲ್ಲಿ ಅದು ಏರದಂತೆ ತಡೆ ಕೋರಬಹುದು. ಮಾನಹಾನಿಯ ದೂರನ್ನು ನೊಂದವರೇ ಕೊಡಬೇಕೆಂಬುದು ನಾಗರಿಕ ಸುರಕ್ಷಾ ಸಂಹಿತೆಯ 222ನೇ ಕಲಮಿನ ನಿಯಮ. ಹದಿನೆಂಟರೊಳಗಿನವರು, ಕಾಯಿಲೆಯಲ್ಲಿರುವವರು, ಸ್ಥಳೀಯ ರೂಢಿಯಂತೆ ಹೊರಗೆ ಬರಲು ಒತ್ತಾಯಿಸಬಾರದ ಹೆಂಗಸರು ಇವರ ಪರವಾಗಿ ಬೇರೊಬ್ಬರು ಕೋರ್ಟಿನ ಅನುಮತಿ ಪಡೆದು ಕೊಡಬಹುದು. ಮಹಿಳಾ ಸಹಾಯವಾಣಿ 181.

ನೋಟಿಸು

ಖಾಸಗಿಯವರ ಮೇಲೆ ಕೇಸಿಗೆ ಮುಂಚೆ ವಕೀಲರ ನೋಟಿಸು ಕಡ್ಡಾಯವಲ್ಲ. ಆದರೂ ಕಳಿಸುವುದು ಒಳ್ಳೆಯದು, ಎಷ್ಟೋ ವ್ಯಾಜ್ಯ ಇಲ್ಲೇ ತೀರುತ್ತವೆ. ನೋಟಿಸಿನಲ್ಲಿ ಇರಬೇಕಾದದ್ದು: ಆಡಿದ ಮಾತು ಇದ್ದಂತೆಯೇ, ದಿನ, ಹೊತ್ತು, ಜಾಗ, ಅದು ಸುಳ್ಳು ಎನ್ನಲು ನಿಮ್ಮಲ್ಲಿರುವ ಆಧಾರ, ಏನು ಮಾಡಬೇಕೆಂಬ ಬೇಡಿಕೆ, ಎಷ್ಟು ದಿನದೊಳಗೆ. ಹದಿನೈದು ದಿನ ಕೊಡುವುದು ರೂಢಿ. ಹಣದ ಬೇಡಿಕೆಗಿಂತ ಮೊದಲು ತಿದ್ದುಪಡಿಯ ಬೇಡಿಕೆ ಇರಲಿ: “ಅದೇ ಗ್ರೂಪಿನಲ್ಲಿ ಈ ಕೆಳಗಿನ ಮಾತುಗಳಲ್ಲಿ ಹಿಂತೆಗೆದುಕೊಳ್ಳತಕ್ಕದ್ದು” ಎಂದು ಆ ಮಾತುಗಳನ್ನೂ ನೀವೇ ಬರೆದುಕೊಡಿ.

ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಂಡು, ತಲುಪಿದ ವಿವರವನ್ನು ಕೆಲವೇ ದಿನದಲ್ಲಿ ಮುದ್ರಿಸಿಕೊಳ್ಳಿ, ಆಮೇಲೆ ಅದು ಅಂಚೆಯ ತಾಣದಲ್ಲಿ ಸಿಗದೇ ಹೋಗಬಹುದು. ನೋಟಿಸಿನ ಫೋಟೊ ತೆಗೆದು ಸ್ಟೇಟಸ್ ಹಾಕಿಕೊಳ್ಳುವುದು ದೊಡ್ಡ ತಪ್ಪು. ನಿಮ್ಮ ಮೇಲಿನ ಸುಳ್ಳನ್ನು ನೀವೇ ಇನ್ನೂರು ಮಂದಿಗೆ ಓದಿಸಿದಂತಾಗುತ್ತದೆ, ಎದುರಿನವರ ಬಗ್ಗೆ ಬರೆದ ಖಾರದ ಮಾತಿಗೆ ಅವರೂ ಕೇಸು ಹಾಕಬಹುದು. ಒಂದು ಕೋಟಿ ಕೇಳಿ ಹೆದರಿಸುವುದರಿಂದಲೂ ಲಾಭವಿಲ್ಲ. ಸಿವಿಲ್ ದಾವೆಯಲ್ಲಿ ಕೋರ್ಟ್ ಶುಲ್ಕ ಕೇಳಿದ ಮೊತ್ತದ ಮೇಲೆ ಬೀಳುತ್ತದೆ. ನೋಟಿಸಿನಲ್ಲಿ ಕೋಟಿ ಕೇಳಿ, ದಾವೆಯಲ್ಲಿ ಎರಡು ಲಕ್ಷಕ್ಕೆ ಇಳಿದರೆ ನಿಮ್ಮ ಮಾತಿನ ತೂಕವೇ ಇಳಿಯುತ್ತದೆ.

ಜಾಲತಾಣದಲ್ಲಿ ಉಳಿದ ಪೋಸ್ಟಿಗೆ ಆಯಾ ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. ಅವರ ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನಿನಲ್ಲೇ ಮೇಲ್ಮನವಿ ಹಾಕಬಹುದು. ಮಾನಹಾನಿಯ ಪೋಸ್ಟನ್ನು ಮಾತ್ರ ಅವರು ಕೋರ್ಟ್ ಆದೇಶವಿಲ್ಲದೆ ತೆಗೆಯುವುದು ಕಡಿಮೆ.

ಕೋರ್ಟು: ಎರಡು ದಾರಿ, ಎರಡು ಗಡುವು

ಪರಿಹಾರ ಬೇಕಾದರೆ ಸಿವಿಲ್ ದಾವೆ, ಶಿಕ್ಷೆಯಾಗಬೇಕಾದರೆ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು. ಎರಡನ್ನೂ ಹೂಡಬಹುದು. ಸಿವಿಲ್ ದಾವೆಗೆ ಗಡುವು ಒಂದೇ ವರ್ಷ. ಬರಹವಾದರೆ ಪ್ರಕಟವಾದ ದಿನದಿಂದ, ಬಾಯಿಮಾತಾದರೆ ಆಡಿದ ದಿನದಿಂದ ಎಣಿಸಿಕೊಂಡು ಹೋಗಿ. 1963ರ ಪರಿಮಿತಿ ಕಾಯ್ದೆಯ 75 ಮತ್ತು 76ನೇ ಬಾಬುಗಳು ಇದಕ್ಕೆ ಅನ್ವಯ. ನೋಟಿಸು ಕಳಿಸಿದಾಗ, ಹಿರಿಯರು ಪಂಚಾಯ್ತಿ ಕೂಡಿಸಿದಾಗ ಈ ವರ್ಷ ನಿಂತು ಕಾಯುವುದಿಲ್ಲ. “ಪೋಸ್ಟ್ ಇನ್ನೂ ಅಲ್ಲೇ ಐತಲ್ಲ, ಹಂಗಾಗಿ ದಿನಾ ಹೊಸ ವರ್ಷ ಶುರು” ಎಂಬ ಲೆಕ್ಕವನ್ನೂ ನಂಬಬೇಡಿ. ಫೇಸ್‌ಬುಕ್ ಪೋಸ್ಟಿನ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2013ರಲ್ಲಿ ಆ ವಾದ ಒಪ್ಪಲಿಲ್ಲ. ಕ್ರಿಮಿನಲ್ ದೂರಿಗೆ ಮೂರು ವರ್ಷ.

ಮಾತು ಆಡಿದ ಊರು ಒಂದು, ಆಡಿದವರು ವಾಸವಿರುವ ಊರು ಇನ್ನೊಂದಾದರೆ ಸಿವಿಲ್ ದಾವೆಯನ್ನು ಎರಡರಲ್ಲಿ ಎಲ್ಲಿ ಬೇಕಾದರೂ ಹೂಡಬಹುದು. ಬೆಂಗಳೂರಿನಲ್ಲಿ ಕೂತು ಕುಷ್ಟಗಿಯ ಗ್ರೂಪಿಗೆ ಸುಳ್ಳು ಹಾಕಿದವರ ಮೇಲೆ ಕುಷ್ಟಗಿಯಲ್ಲೇ ದಾವೆ ಸಾಧ್ಯ. ಮಾನಕ್ಕೆ ಬೆಲೆ ಕಟ್ಟುವುದು ಕಷ್ಟವಾದರೂ ನಷ್ಟದ ಕಾಗದ ಇಟ್ಟರೆ ಕೋರ್ಟಿಗೆ ದಾರಿ ಸಿಗುತ್ತದೆ: ಹಿಂದಿನ ಎರಡು ವರ್ಷದ ಅದೇ ತಿಂಗಳ ವಹಿವಾಟು, ರದ್ದಾದ ಆರ್ಡರು, ಉದ್ದರಿ ನಿಲ್ಲಿಸಿದ ಪತ್ರ. ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕದವರಾದರೆ ಜಾಬ್‌ವರ್ಕ್ ಚೀಟಿಗಳು, ಗಂಗಾವತಿಯ ಅಕ್ಕಿ ಗಿರಣಿಯವರಾದರೆ ಲೋಡು ಹಿಂತಿರುಗಿದ ಬಿಲ್ಲು. ಮುಂದೆ ಮಾತಾಡದಂತೆ ತಡೆಯಾಜ್ಞೆ ಕೇಳಬಹುದು, ಆದರೆ ಪತ್ರಿಕೆ, ಮಾಧ್ಯಮಗಳ ಮೇಲೆ ಅದು ಸುಲಭವಾಗಿ ಸಿಗದು. ವಿಚಾರಣೆಗೆ ಮುಂಚೆ ಅಂಥ ತಡೆಯನ್ನು ಯಾಂತ್ರಿಕವಾಗಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಮಾರ್ಚಿನಲ್ಲಿ ಎಚ್ಚರಿಸಿದೆ.

ಖಾಸಗಿ ದೂರು ಜೆಎಂಎಫ್‌ಸಿ ಕೋರ್ಟಿನಲ್ಲಿ, ಅಂದರೆ ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟರ ಮುಂದೆ. ಸಿಂಧನೂರು, ಮಾನ್ವಿ, ಲಿಂಗಸುಗೂರು, ದೇವದುರ್ಗ, ಯಲಬುರ್ಗಾ, ಸಂಡೂರಿನಂಥ ತಾಲ್ಲೂಕು ಕೇಂದ್ರಗಳಲ್ಲೇ ಇದೆ, ಜಿಲ್ಲಾ ಕೇಂದ್ರಕ್ಕೆ ಓಡಬೇಕಿಲ್ಲ. ದೂರು ಪಿಸಿಆರ್ (ಖಾಸಗಿ ದೂರುಗಳ ರಿಜಿಸ್ಟರ್) ನಂಬರಿನಲ್ಲಿ ದಾಖಲಾಗುತ್ತದೆ. ನಿಮ್ಮ ಮತ್ತು ಸಾಕ್ಷಿಗಳ ಪ್ರಮಾಣ ಹೇಳಿಕೆ ಮೊದಲು. ಆಮೇಲೆ ಎದುರಿನವರಿಗೆ ನೋಟಿಸು ಹೋಗಿ ಅವರ ಮಾತು ಕೇಳಬೇಕು, ಆಮೇಲಷ್ಟೇ ಮ್ಯಾಜಿಸ್ಟ್ರೇಟರು ಪ್ರಕರಣ ಕೈಗೆತ್ತಿಕೊಳ್ಳುವುದು. ಇದು ನಾಗರಿಕ ಸುರಕ್ಷಾ ಸಂಹಿತೆಯ 223ನೇ ಕಲಂ ತಂದ ಹೊಸ ಕ್ರಮ, ಹಳೆಯ ಸಂಹಿತೆಯಲ್ಲಿ ಇರಲಿಲ್ಲ. ಈ ಅನುಕ್ರಮವನ್ನು ಕರ್ನಾಟಕ ಹೈಕೋರ್ಟ್ 2024ರಲ್ಲಿ ಸ್ಪಷ್ಟಪಡಿಸಿದೆ, ಅದೂ ಮಾನಹಾನಿಯ ಪ್ರಕರಣವೊಂದರಲ್ಲೇ. ಹೇಳಿಕೆಗೆ ಮುಂಚೆಯೇ ನೋಟಿಸು ಹೊರಟರೆ ಎದುರಿನವರು ಅದನ್ನೇ ಹಿಡಿದು ಹೈಕೋರ್ಟಿಗೆ ಹೋಗುತ್ತಾರೆ, ನಿಮ್ಮ ತಿಂಗಳುಗಳು ಹಾಳಾಗುತ್ತವೆ. ಬಳ್ಳಾರಿ, ಕೊಪ್ಪಳದವರು ಧಾರವಾಡ ಪೀಠಕ್ಕೂ ರಾಯಚೂರಿನವರು ಕಲಬುರಗಿ ಪೀಠಕ್ಕೂ ಅಲೆಯಬೇಕಾಗುತ್ತದೆ. ಆರೋಪಿ ಆ ಕೋರ್ಟಿನ ವ್ಯಾಪ್ತಿಯ ಹೊರಗೆ ವಾಸವಿದ್ದರೆ 225ನೇ ಕಲಂ ಪ್ರಕಾರ ವಿಚಾರಣೆಯ ಇನ್ನೊಂದು ಹಂತ ಸೇರುತ್ತದೆ, ಅದಕ್ಕೂ ಸಾಕ್ಷಿಗಳನ್ನು ತಯಾರಿಟ್ಟುಕೊಳ್ಳಿ.

ಕೇಸು ನಡೆಯುವಾಗ ಹಾಜರಿ ತಪ್ಪಿಸಬೇಡಿ. ಇದು ಸಮನ್ಸ್ ಪ್ರಕರಣ, ಅಂದರೆ ಎರಡು ವರ್ಷ ಮೀರದ ಶಿಕ್ಷೆಯದ್ದು. ದೂರುದಾರರು ಬಾರದಿದ್ದರೆ 30 ದಿನದ ಅವಕಾಶ ಕೊಟ್ಟು ಆರೋಪಿಯನ್ನು ಖುಲಾಸೆ ಮಾಡಲು ಅದೇ ಸಂಹಿತೆಯ 279ನೇ ಕಲಂ ಅವಕಾಶ ಕೊಡುತ್ತದೆ. ಗದ್ದೆಗೆ ನೀರು ಬಿಟ್ಟ ಕಾಲ, ಹತ್ತಿ ಬಿಡಿಸುವ ಕಾಲದಲ್ಲಿ ತಾರೀಕು ಬಿದ್ದರೆ ವಕೀಲರಿಗೆ ಮುಂಚೆಯೇ ತಿಳಿಸಿ ಅರ್ಜಿ ಹಾಕಿಸಿ. ವಕೀಲರ ಶುಲ್ಕ ಭರಿಸಲಾಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅಥವಾ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ, ಇಲ್ಲವೇ 15100ಕ್ಕೆ ಕರೆ ಮಾಡಿ ಸಲಹೆ ಕೇಳಬಹುದು.

ರಾಜಿಗೆ ಕರೆದರೆ

ಮಾನಹಾನಿ ರಾಜಿಯಾಗಬಲ್ಲ ಅಪರಾಧ, ಲೋಕ ಅದಾಲತ್ತಿನಲ್ಲೂ ಮುಗಿಸಬಹುದು. ರಾಜಿಯಲ್ಲಿ ನೋಡಬೇಕಾದದ್ದು ಕ್ಷಮಾಪಣೆಯ ಮಾತು. “ಯಾರಿಗಾದರೂ ನೋವಾಗಿದ್ದರೆ ಕ್ಷಮಿಸಿ” ಎಂಬುದರಲ್ಲಿ ಸುಳ್ಳು ಹೇಳಿದ್ದೇನೆಂಬ ಒಪ್ಪಿಗೆ ಇಲ್ಲ, ಹಾಗಾಗಿ ನಿಮ್ಮ ಹೆಸರು ಮರಳಿ ಬರುವುದಿಲ್ಲ. ಇಂಥದ್ದು ಬೇಕು: “ಇಂಥ ದಿನ ಈ ಗ್ರೂಪಿನಲ್ಲಿ ನಾನು ಇಂಥವರು ಸಂಘದ ಹಣ ತೆಗೆದುಕೊಂಡಿದ್ದಾರೆಂದು ಬರೆದಿದ್ದೆ. ಅದು ಸುಳ್ಳು. ಸಂಘದ ಲೆಕ್ಕ ಸರಿಯಾಗಿದೆ. ಬರೆದದ್ದಕ್ಕೆ ಕ್ಷಮೆ ಕೇಳುತ್ತೇನೆ.” ಸುಳ್ಳು ಎಲ್ಲಿ ಹರಡಿತೋ ಅಲ್ಲೇ ಇದೂ ಹರಡಬೇಕು. ಗ್ರೂಪಾದರೆ ತಿಂಗಳು ಕಾಲ ಮೇಲೆ ಪಿನ್ ಮಾಡಿಡಲಿ, ಕಟ್ಟೆಯಾದರೆ ಅಂದು ಕೇಳಿದವರ ಮುಂದೆ ಓದಿ ಸಹಿ ಮಾಡಲಿ. ಗುಡಿ ಮುಂದೆ ಆಣೆ ಮಾಡಿಸಿ ಕೈಮುಗಿಸುವುದು ಮನಸ್ಸಿಗೆ ಸಮಾಧಾನ ಕೊಡಬಹುದು, ಕಾಗದದಲ್ಲಿ ಏನೂ ಉಳಿಯುವುದಿಲ್ಲ. ನಾಳೆ ಅದೇ ಮಾತು ಮತ್ತೆ ಬಂದಾಗ ತೋರಿಸಲು ಸಹಿ ಮಾಡಿದ ಕಾಗದವೇ ಬೇಕು. ಮಾತು ಪೂರೈಸಿದ ಮೇಲಷ್ಟೇ ಕೇಸು ಹಿಂತೆಗೆದುಕೊಳ್ಳಿ, ಮುಂಚೆ ಅಲ್ಲ.

ಮಾತು ಆಡಿದವರು ನೀವಾಗಿದ್ದರೆ

ಕೇಳಿದ್ದನ್ನು ನಿಜವೆಂದು ನಂಬಿ ಹೇಳಿ, ಆಮೇಲೆ ಸುಳ್ಳೆಂದು ಗೊತ್ತಾದವರು ಈ ನಾಡಿನಲ್ಲಿ ಕಡಿಮೆಯಿಲ್ಲ. ಗೊತ್ತಾದ ದಿನವೇ, ಆಡಿದ ಜಾಗದಲ್ಲೇ ಮೇಲಿನಂತೆ ಬರೆದು ಹಿಂತೆಗೆದುಕೊಳ್ಳಿ. ಮೊದಲ ಮೆಸೇಜನ್ನು ಸದ್ದಿಲ್ಲದೆ ಅಳಿಸಿ ಸುಮ್ಮನಿದ್ದರೆ ಅದು ಮುಚ್ಚಿಹಾಕಿದಂತೆ ಕಾಣುತ್ತದೆ. ನಿಮಗೆ ಹೇಳಿದವರು ಯಾರು, ಯಾವ ಆಧಾರ ನೋಡಿದಿರಿ, ವಿಚಾರಿಸಲು ಏನು ಮಾಡಿದಿರಿ ಎಂಬುದನ್ನು ಬರೆದಿಡಿ. ಸದುದ್ದೇಶವಿತ್ತು ಎನ್ನಬೇಕಾದರೆ ಎಚ್ಚರ ವಹಿಸಿದ್ದನ್ನೂ ತೋರಿಸಬೇಕು. ನೋಟಿಸು ಬಂದರೆ ಹರಿದು ಬಿಸಾಡಬೇಡಿ, ತೆಗೆದುಕೊಳ್ಳದೆ ಅಂಚೆಯವರನ್ನು ವಾಪಸ್ ಕಳಿಸಬೇಡಿ. ನಿರಾಕರಿಸಿದ ನೋಟಿಸನ್ನು ಕೋರ್ಟು ತಲುಪಿದ್ದೆಂದೇ ಎಣಿಸಬಹುದು. ಗಡುವಿನೊಳಗೆ ವಕೀಲರ ಮೂಲಕ ಉತ್ತರ ಕೊಡಿ. ಆಡದ ಮಾತು ನೋಟಿಸಿನಲ್ಲಿದ್ದರೆ ಯಾವುದನ್ನು ಆಡಿದಿರಿ, ಯಾವುದನ್ನು ಆಡಿಲ್ಲ ಎಂದು ಬೇರೆ ಬೇರೆ ಮಾಡಿ ಬರೆಸಿ. “ಎಲ್ಲವೂ ಸುಳ್ಳು” ಎಂಬ ಒಂದೇ ಸಾಲಿನ ಉತ್ತರ ಕೊಟ್ಟವರು ಧ್ವನಿ ಸಂದೇಶ ಕೋರ್ಟಿನಲ್ಲಿ ಕೇಳಿಸಿದ ದಿನ ಸಿಕ್ಕಿಬೀಳುತ್ತಾರೆ.